ಎರಡು ಮೂಟೆ ಸಕ್ಕರೆ, ಹನ್ನೆರಡು ಪೆಟ್ಟಿಗೆ

ನಮ್ಮ ಸೇವಾ ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು. ಯಾವ ಠರಾವೇ ಆಗಲಿ, ಅದರ ವಿರುದ್ಧ ಒಬ್ಬರಾದರೂ ಎದ್ದು ನಿಂತು ಮಾತಾಡದೆ ಅದನ್ನು ಮತಕ್ಕೆ ಹಾಕುವಂತಿರಲಿಲ್ಲ. ಎದುರು ಮಾತಾಡುವವರು ಸಿಗದಿದ್ದರೆ ಠರಾವು ಅಲ್ಲಿಗೇ ಬಿತ್ತು. ಬಿದ್ದ ಠರಾವನ್ನು ಮೂರು ತಿಂಗಳು ಮತ್ತೆ ಎತ್ತುವಂತಿಲ್ಲ. ಕ್ಲಬ್ಬಿನಿಂದ ಸರ್ಕಾರಕ್ಕೆ ಏನಾದರೂ ಶಿಫಾರಸು ಹೋಗುವುದಿದ್ದರೆ, ಆ ಸಭೆಯ ನಡಾವಳಿಯನ್ನು ಎರಡೂ ಕಡೆಯ ವಾದ ಸಮೇತ ಜೊತೆಗೆ ಲಗತ್ತಿಸಬೇಕು. ಇದು ಕ್ಲಬ್ಬಿನ ಹೆಮ್ಮೆ.

ನಿಯಮ ತಂದವರು ಅಧ್ಯಕ್ಷರು. ಸುಂಟಿಕೊಪ್ಪದ ಆಚೆ ಸ್ವಂತ ಕಾಫಿ ತೋಟವಿದ್ದ, ಎಪ್ಪತ್ತರ ಹತ್ತಿರದ ಹಿರಿಯರು. ಮದರಾಸಿನ ಕಾಲೇಜಿನಲ್ಲಿ ಓದುವಾಗ ಚರ್ಚಾಕೂಟದ ರುಚಿ ಹತ್ತಿಸಿಕೊಂಡವರು. “ಎಲ್ಲರೂ ಹೂಂ ಅನ್ನೋದು ಸಭೆ ಅಲ್ಲ, ಊಟದ ಪಂಕ್ತಿ” ಅನ್ನುತ್ತಿದ್ದರು. ಅಂತರ ಕಾಲೇಜು ಚರ್ಚಾಸ್ಪರ್ಧೆಯೊಂದರಲ್ಲಿ ನಾನು ಢಾಲು ಗೆದ್ದಾಗ ಅವರು ತೀರ್ಪುಗಾರರಾಗಿದ್ದರು. ಮರುವರ್ಷ ನನ್ನನ್ನು ಕರೆಸಿ ಕ್ಲಬ್ಬಿನ ಯುವಜನ ಯೋಜನೆಗೆ ಸಂಬಳದ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡರು. ಒಂದು ಸೈಕಲ್, ಒಂದು ಟೈಪ್‌ರೈಟರ್, ಕ್ಲಬ್ಬಿನ ಸಭೆ ಸೇರುವ ಹಾಲಿನ ಹಿಂದೆ ಒಂದು ಕೋಣೆ. “ಎದುರು ಮಾತು ಇನ್ನು ನಿಮ್ಮ ಪಾಲಿನ ಕೆಲಸ ಸೆಕ್ರೆಟರಿ. ನೀವು ನಂಬಬೇಕಾಗಿಲ್ಲ, ಮಾತಾಡಿದ್ರೆ ಸಾಕು” ಅಂದರು. ನನಗೆ ಅದು ಅನುಕೂಲವೇ ಆಯಿತು. ಆಗ ನಾನು ಯಾವುದನ್ನೂ ನಂಬುತ್ತಿರಲಿಲ್ಲ.

ಚೀನಾ ಯುದ್ಧ ಮುಗಿದು ಒಂದೂವರೆ ವರ್ಷವಾಗಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷ. ಸಕ್ಕರೆ ಕಾರ್ಡಿನ ಮೇಲೆ ಸಿಗುತ್ತಿತ್ತು, ಅಥವಾ ಸಿಗುತ್ತಿರಲಿಲ್ಲ.

ಆ ವರ್ಷದ ಯೋಜನೆ ಜೇನು ಸಾಕಣೆ. ಸುಂಟಿಕೊಪ್ಪದ ಸುತ್ತಿನ ಹನ್ನೆರಡು ಯುವಕರಿಗೆ ತಲಾ ಒಂದು ಪೆಟ್ಟಿಗೆ. ಫೆಬ್ರವರಿಯಲ್ಲಿ ಸರ್ಕಾರದ ಜೇನು ಸಾಕಣೆ ಇಲಾಖೆಯಿಂದ ಆರು ದಿನದ ಶಿಬಿರ ನಡೆಯಿತು. ಇಲಾಖೆಯ ಇನ್‌ಸ್ಪೆಕ್ಟರ್ ಬಂದು, ಮರದ ಪೊಟರೆಯಿಂದ ತುಡುವೆ ಜೇನಿನ ಸಂಸಾರವನ್ನು ಹೇಗೆ ಹೊರಗೆ ತೆಗೆಯುವುದು, ಮೇಣದ ಎರಿಯನ್ನು ಬಾಳೆನಾರಿನಲ್ಲಿ ಚೌಕಟ್ಟಿಗೆ ಹೇಗೆ ಕಟ್ಟುವುದು, ರಾಣಿ ನೊಣವನ್ನು ಹೇಗೆ ಗುರುತಿಸುವುದು, ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲು ಹೇಗೆ ಇಡುವುದು, ಎಲ್ಲ ಹೇಳಿಕೊಟ್ಟರು. ಕೊನೆಯ ದಿನ ಇನ್ನೊಂದು ಮಾತು ಹೇಳಿದರು. ಇಲಾಖೆಯಲ್ಲಿ ಒಂದು ಜೇನು ಸಹಾಯಕನ ಹುದ್ದೆ ಖಾಲಿಯಿದೆ. ಮಳೆಗಾಲ ಕಳೆದ ಮೇಲೆ ತಾನು ಮತ್ತೆ ಬರುತ್ತೇನೆ. ಯಾರ ಪೆಟ್ಟಿಗೆಯಲ್ಲಿ ಸಂಸಾರ ಜೀವಂತ ಉಳಿದಿರುತ್ತದೋ ಅವರಲ್ಲಿ ಒಬ್ಬರ ಹೆಸರು ಹೋಗುತ್ತದೆ.

ಹನ್ನೊಂದು ಜನ ಅದನ್ನು ಕೇಳಿಸಿಕೊಂಡು ಅಲ್ಲಿಗೇ ಬಿಟ್ಟರು. ಒಬ್ಬರು ಎದ್ದು ನಿಂತು, “ಮಳೆಗಾಲ ಅಂದ್ರೆ ಯಾವ ತಾರೀಖಿನ ತನಕ ಸಾರ್?” ಎಂದು ಕೇಳಿದರು.

ಅವರು ಸೈನ್ಯದಿಂದ ಬಿಡುಗಡೆಯಾಗಿ ಬಂದ ಸಿಪಾಯಿ. ಇಪ್ಪತ್ತೈದು ವಯಸ್ಸು, ನನಗಿಂತ ಎರಡು ವರ್ಷ ಹಿರಿಯರು. ಸುಂಟಿಕೊಪ್ಪದಿಂದ ಮೂರು ಮೈಲಿ ಒಳಗೆ, ಅರೆಭಾಷೆ ಆಡುವ ಗೌಡರ ಮನೆ, ತಾಯಿ ಒಬ್ಬರೇ. ಗಡಿಯ ಹಿಮದಲ್ಲಿ ಬಲಗೈಯ ತೋರುಬೆರಳು ಮತ್ತು ನಡುಬೆರಳು ಪೂರ್ತಿ ಹೋಗಿದ್ದವು, ಉಂಗುರದ ಬೆರಳು ಅರ್ಧ. ಕೋವಿ ಹಿಡಿಯಲಾಗದು. ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್‌ಗೆ ಕೈ ಓಡದು. ಬರವಣಿಗೆ ನಿಧಾನವಾದ್ದರಿಂದ ತೋಟದ ಲೆಕ್ಕ ಬರೆಯುವ ರೈಟರ್ ಕೆಲಸವೂ ಇಲ್ಲ. ಒಂದು ಎಸ್ಟೇಟಿನವರು ಗೇಟು ಕಾಯಲು ಕರೆದಿದ್ದರು.

“ಗೇಟ್ ಬೇಡ ಸಾರ್” ಎಂದಿದ್ದರು ನನ್ನ ಹತ್ತಿರ. “ಒಂದೇ ಕಡೆ ಕೂತ್ರೆ ತಲೆ ಮತ್ತೆ ಅಲ್ಲಿಗೇ ಹೋಗ್ತದೆ. ಊರೂರು ತಿರುಗಿ ಪೆಟ್ಟಿಗೆ ನೋಡೋ ಕೆಲಸ ಸಿಕ್ಕಿದ್ರೆ ನಡೀತಾ ಇರಬಹುದು.”

ಪೆಟ್ಟಿಗೆ ನೋಡುವುದರಲ್ಲಿ ಅವರು ಉಳಿದವರಿಗಿಂತ ಚೆನ್ನಾಗಿದ್ದರು. ಎಡಗೈಯಲ್ಲಿ ಚೌಕಟ್ಟು ಎತ್ತಿ, ಬಲಗೈಯ ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಇನ್ನೊಂದು ತುದಿಗೆ ಆಸರೆ ಕೊಡುತ್ತಿದ್ದರು. ಬೇರೆ ದಾರಿ ಇರಲಿಲ್ಲವಾದ್ದರಿಂದ ಎಲ್ಲ ನಿಧಾನ. ನೊಣಕ್ಕೆ ನಿಧಾನವೇ ಬೇಕು. ನಮ್ಮ ಕೈಗೆಲ್ಲ ಕಚ್ಚುತ್ತಿದ್ದ ಜೇನು ಅವರ ಕೈ ಮೇಲೆ ಸುಮ್ಮನೆ ನಡೆದು ಹೋಗುತ್ತಿತ್ತು.

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಬಿಟ್ಟಿತು. ಹನ್ನೆರಡೂ ಪೆಟ್ಟಿಗೆಯ ಮೇಲಿನ ಕೋಣೆಯಲ್ಲಿ ಜೇನು ತುಂಬಿತು. ಮೇ ತಿಂಗಳಲ್ಲಿ ಕ್ಲಬ್ಬಿನ ವಾರ್ಷಿಕ ಪ್ರದರ್ಶನ. ಬಾಟಲಿಗಳ ಸಾಲು ಉದ್ದವಾಗಿ ಕಾಣಬೇಕೆಂದು ಕ್ಲಬ್ಬು ಹೇಳಿತು, ನಾನು ಹೋಗಿ ಹುಡುಗರಿಗೆ ಹೇಳಿದೆ. ಅವರು ಕೆಳಗಿನ ಸಂಸಾರದ ಕೋಣೆಯ ಅಂಚಿನಲ್ಲಿದ್ದ ಜೇನನ್ನೂ ಬಿಡದೆ ಹಿಂಡಿದರು. ಇದರಲ್ಲಿ ತಪ್ಪೇನಿರಲಿಲ್ಲ, ಯಾಕೆಂದರೆ ಮಳೆಗಾಲಕ್ಕೆ ಸಕ್ಕರೆ ಪಾಕ ಕೊಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ನೊಣ ಹೊರಗೆ ಹೋಗಲಾಗುವುದಿಲ್ಲ, ಹೋದರೂ ಹೂವಿಲ್ಲ. ಒಂದು ಪಾಲು ನೀರಿಗೆ ಒಂದು ಪಾಲು ಸಕ್ಕರೆ, ಕಾಯಿಸಿ ಆರಿಸಿ, ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ ಪೆಟ್ಟಿಗೆಯೊಳಗೆ ಕವುಚಿಡಬೇಕು. ಇದಕ್ಕಾಗಿಯೇ ಅಧ್ಯಕ್ಷರು ಓಡಾಡಿ ಪರ್ಮಿಟ್ ತಂದಿದ್ದರು. ಎರಡು ಮೂಟೆ ಸಕ್ಕರೆ ಹಾಲಿನ ಮೂಲೆಯಲ್ಲಿ ಬಂದು ಕೂತಿತ್ತು. ಹಂಚಲು ಒಂದು ಠರಾವು ಬೇಕಿತ್ತು, ಅಷ್ಟೇ.

ಜೂನ್ ಮೊದಲ ಶನಿವಾರದ ಸಭೆ. ಠರಾವು ಮಂಡಿಸಿದವರು ಊರಿನ ಡಾಕ್ಟರು. ಎರಡೇ ವಾಕ್ಯ ಹೇಳಿ ಕೂತರು. ಎದುರು ಮಾತಿಗೆ ನಾನು ಎದ್ದೆ.

ಎಂಟು ತಿಂಗಳಲ್ಲಿ ನಾನು ಹದಿನೈದಿಪ್ಪತ್ತು ಠರಾವುಗಳ ವಿರುದ್ಧ ಮಾತಾಡಿದ್ದೆ. ಒಂದೂ ಬಿದ್ದಿರಲಿಲ್ಲ. ಸದಸ್ಯರು ನಗುತ್ತಿದ್ದರು, ಮೇಜು ತಟ್ಟುತ್ತಿದ್ದರು, ಆಮೇಲೆ ಠರಾವಿನ ಪರ ಕೈ ಎತ್ತುತ್ತಿದ್ದರು. ಅವತ್ತು ನಾನು ಗೆಲ್ಲಬೇಕೆಂದು ಎದ್ದೆ ಎಂದರೆ ಸುಳ್ಳು. ಸೋಲಬೇಕೆಂದು ಎದ್ದೆ ಎಂದರೂ ಸುಳ್ಳು.

ತೋಟದ ಕೂಲಿಗಳ ಲೈನಿನ ಮಕ್ಕಳ ಶಾಲೆ ಇಲ್ಲಿಂದ ಎರಡು ಫರ್ಲಾಂಗ್ ಎಂದೆ. ಅಲ್ಲಿನ ಮಕ್ಕಳು ಮಧ್ಯಾಹ್ನ ಸಪ್ಪೆ ಗಂಜಿ ಕುಡಿಯುವಾಗ ಸೇವೆಯ ಹೆಸರಿಟ್ಟುಕೊಂಡ ನಾವು ನೊಣಕ್ಕೆ ಪಾಕ ಕುಡಿಸುತ್ತಿದ್ದೇವೆ ಎಂದೆ. ಕಾಡಿನಲ್ಲಿ ಜೇನು ಸಾವಿರಾರು ಮಳೆಗಾಲ ಕಳೆದಿದೆಯಲ್ಲ, ಅದಕ್ಕೆ ಯಾರು ಪರ್ಮಿಟ್ ತಂದುಕೊಟ್ಟರು ಎಂದು ಕೇಳಿದೆ. ನಗು ಬಂತು. ನಗು ನಿಂತಿತು.

ವಾದದಲ್ಲಿ ಒಂದು ತೂತಿತ್ತು. ಕಾಡಿನ ಜೇನು ತನ್ನ ಜೇನನ್ನು ತಾನೇ ತಿಂದು ಮಳೆಗಾಲ ಕಳೆಯುತ್ತದೆ. ನಾವು ಅದನ್ನು ಹಿಂಡಿ ಬಾಟಲಿಗೆ ತುಂಬಿದ್ದೆವು. ಮಾತಾಡುವಾಗಲೇ ಆ ತೂತು ನನಗೆ ಕಾಣುತ್ತಿತ್ತು. ಎದುರಿನವರು ಅದಕ್ಕೆ ಬೆರಳಿಡುತ್ತಾರೆಂದು ಕಾದೆ, ಉತ್ತರವನ್ನೂ ತಯಾರು ಮಾಡಿಕೊಂಡೆ. ಯಾರೂ ಇಡಲಿಲ್ಲ. ಡಾಕ್ಟರು ಲೈನ್ ಶಾಲೆಯ ಕಡೆಗೆ ಮುಖ ಮಾಡಿ ಕೂತಿದ್ದರು. ಠರಾವಿನ ಪರ ಒಂಬತ್ತು ಕೈ, ವಿರುದ್ಧ ಹನ್ನೊಂದು.

ಆಮೇಲೆ ಅಧ್ಯಕ್ಷರೇ ಮೊದಲು ಮೇಜು ತಟ್ಟಿದರು. “ಸೆಕ್ರೆಟರಿ ಗೆದ್ದರು! ನಿಯಮಕ್ಕೆ ಈಗ ಮರ್ಯಾದೆ ಬಂತು ಕಾಣಿ.”

ಶಾಲೆಗೆ ಕೊಡುವ ಇನ್ನೊಂದು ಠರಾವೂ ಅಂದೇ ಪಾಸಾಗಿ, ಸೋಮವಾರ ಸಕ್ಕರೆ ಲೈನ್ ಶಾಲೆಗೆ ಹೋಯಿತು. ಮಕ್ಕಳು ಆ ಇಡೀ ಮಳೆಗಾಲ ಸಿಹಿ ಗಂಜಿ ಕುಡಿದರು. ಅದು ವ್ಯರ್ಥವಾಯಿತೆಂದು ನಾನು ಯಾವತ್ತೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ.

ಬುಧವಾರ ಬುಧವಾರ ಪೆಟ್ಟಿಗೆಗಳನ್ನು ನೋಡಿ ಬರುವುದು ನನ್ನ ಕೆಲಸವಾಗಿತ್ತು. ಮೊದಲ ಬುಧವಾರ ಸಿಪಾಯಿಯ ಮನೆಗೆ ಹೋದಾಗ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಪೆಟ್ಟಿಗೆ ಸೂರಿನ ಕೆಳಗೆ ಇತ್ತು. ಮೇಲೆ ಗೋಣಿ ಹೊದಿಸಿ, ಗಾಳಿ ಬರುವ ಕಡೆ ಹಲಗೆ ನಿಲ್ಲಿಸಿದ್ದರು.

“ಸಕ್ಕರೆ ಯಾವಾಗ ಬರ್ತದೆ ಸಾರ್?” ಎಂದರು.

“ಪರ್ಮಿಟ್ ತಡ ಆಗಿದೆ” ಎಂದೆ.

ಯಾಕೆ ಹಾಗೆ ಹೇಳಿದಿರಿ ಎಂದು ನೀವು ಕೇಳಬಹುದು. ಕಾರಣ ಹುಡುಕಿದರೆ ನಾಲ್ಕು ಸಿಗುತ್ತವೆ, ನಾಲ್ಕನ್ನೂ ನಾನು ಸಮರ್ಥಿಸಬಲ್ಲೆ. ಅವರು “ಆಯ್ತು ಸಾರ್” ಎಂದು ಗೋಣಿ ಸರಿಮಾಡಿದರು.

ಮುಂದಿನ ಬುಧವಾರವೂ ಕೇಳಿದರು. ಅದರ ಮುಂದಿನ ಬುಧವಾರವೂ. ಒಂದೇ ವಾಕ್ಯ, ಒಂದೇ ದನಿ. ನಾನೂ ಒಂದೇ ಉತ್ತರ ಕೊಟ್ಟೆ.

ಮೂರನೆಯ ವಾರ ಹನ್ನೆರಡು ಪೆಟ್ಟಿಗೆಯಲ್ಲಿ ಒಂಬತ್ತರ ತೂಕ ಇಳಿದಿತ್ತು. ಹಿಂದಿನಿಂದ ಕೈ ಕೊಟ್ಟು ಎತ್ತಿದರೆ ಗೊತ್ತಾಗುತ್ತದೆ. ರಾಣಿ ತತ್ತಿ ಇಡುವುದು ನಿಲ್ಲಿಸಿದ್ದಳು. ನೊಣಗಳು ತಮ್ಮದೇ ಮರಿಗಳನ್ನು ಗೂಡಿನಿಂದ ಎಳೆದು ಹೊರಗೆ ಹಾಕುತ್ತಿದ್ದವು. ತಿನ್ನಿಸಲು ಇಲ್ಲದಾಗ ಹಾಗೆ ಮಾಡುತ್ತವೆ. ಬಿಳಿ ಮರಿಗಳು ಪೆಟ್ಟಿಗೆಯ ಬಾಗಿಲ ಹಲಗೆಯ ಮೇಲೆ ಮಳೆಯಲ್ಲಿ ನೆನೆಯುತ್ತ ಬಿದ್ದಿರುತ್ತಿದ್ದವು.

ಅಧ್ಯಕ್ಷರ ತೋಟಕ್ಕೆ ಹೋದೆ. ಪಡಸಾಲೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

“ಠರಾವನ್ನು ಇನ್ನೊಮ್ಮೆ ತರಬೇಕು ಸಾರ್.”

“ಮೂರು ತಿಂಗಳಾಯ್ತಾ?”

“ಇಲ್ಲ. ನನ್ನ ವಾದ ತಪ್ಪು. ಅದರಲ್ಲಿ ಒಂದು ತೂತು—”

“ನಂಗೂ ಕಂಡಿತ್ತು ಮಾರಾಯ” ಎಂದರು ಅವರು. “ಆದ್ರೆ ನಾನು ಕುರ್ಚಿಯಲ್ಲಿ ಕೂತವ. ತೂತು ತೋರಿಸೋದು ಡಾಕ್ಟರ ಕೆಲಸ. ಅವರು ತೋರಿಸಲಿಲ್ಲ.” ಲೋಟ ಕೆಳಗಿಟ್ಟರು. “ಗೆದ್ದವನಿಗೆ ಬೇಜಾರಾಯ್ತು ಅಂತ ನಿಯಮ ಮುರಿದ್ರೆ, ನಾಳೆ ಸೋತವರು ಸುಮ್ನಿರ್ತಾರಾ? ಹೇಳಿ, ನೀವೇ ಹೇಳಿ. ವಾದ ಗೊತ್ತುಂಟಲ್ಲ ನಿಮಗೆ.”

ಅವರು ತಮ್ಮ ಮನೆಯ ಸಕ್ಕರೆಯ ಡಬ್ಬಿ ತರಿಸಿ ಕೊಟ್ಟರು. ನನ್ನ ಕಾರ್ಡಿನ ಸಕ್ಕರೆ ಸೇರಿಸಿ ಪಾಕ ಮಾಡಿದೆ. ಹನ್ನೆರಡು ಪೆಟ್ಟಿಗೆಗೆ ಹಂಚಿದರೆ ನಾಲ್ಕು ದಿನಕ್ಕೆ ಮುಗಿಯಿತು. ಅಂಗಡಿಗಳಲ್ಲಿ ಕೇಳಿದರೆ ಕಾರ್ಡು ತೋರಿಸಿ ಅಂದರು.

ಆಗ ಬೆಲ್ಲದ ಯೋಚನೆ ಬಂತು. ಬೆಲ್ಲ ಧಾರಾಳವಾಗಿತ್ತು. ಜುಲೈ ಎರಡನೆಯ ಬುಧವಾರ ಬೆಲ್ಲದ ಪಾಕ ಬಾಟಲಿಗೆ ತುಂಬಿಕೊಂಡು ಸಿಪಾಯಿಯ ಮನೆಗೆ ಮೊದಲು ಹೋದೆ.

“ಬೆಲ್ಲ ಆಗೋದಿಲ್ಲ ಅಂತ ಶಿಬಿರದಲ್ಲಿ ಹೇಳಿದ್ರಲ್ಲ ಸಾರ್. ಹೊಟ್ಟೆ ಕೆಡ್ತದೆ ಅಂತ.”

“ಹೇಳಿದರು. ಯಾಕೆ ಅಂತ ಹೇಳಿದರಾ? ಸಕ್ಕರೆಯೂ ಕಬ್ಬಿನದೇ, ಬೆಲ್ಲವೂ ಕಬ್ಬಿನದೇ. ಬಿಳಿ ಮಾಡಿದ್ದು ಒಳ್ಳೇದು, ಮಾಡದ್ದು ವಿಷ ಅಂದರೆ ಪುರಾವೆ ಬೇಡವೇ? ನೀವು ಕಣ್ಣಾರೆ ನೋಡಿದ್ದೀರಾ?”

“ಇಲ್ಲ ಸಾರ್.”

“ಮತ್ತೆ?”

“ಆಯ್ತು ಸಾರ್” ಎಂದು ಬಾಟಲಿ ಇಸಿದುಕೊಂಡರು.

ಅವರ ತಾಯಿ ಒಳಗಿನಿಂದ ಕಾಫಿ ತಂದರು. ಬೆಲ್ಲದ ಕಾಫಿ. ಮನೆಯ ಕಾರ್ಡಿನ ಸಕ್ಕರೆಯೆಲ್ಲ ಮಗನ ಪೆಟ್ಟಿಗೆಗೆ ಹೋಗುತ್ತಿದೆ ಎಂದು ಆಗ ಗೊತ್ತಾಯಿತು. ನಿಮಗಾದರೂ ಒಂದು ಚಮಚ ಇಟ್ಟುಕೊಳ್ಳಿ ಎಂದೆ.

“ಜೇನಿಗೆ ಇಲ್ಲದ ಸಕ್ಕರೆ ನಂಗೆ ಎಂತಕೆ?” ಎಂದರು ಆ ತಾಯಿ. “ಇಂವ ಗಡಿಂದ ಬಂದಮೇಲೆ ನಗಾಡಿದ್ದು ಆ ಪೆಟ್ಟಿಗೆ ಬಂದ ದಿನ. ಅದು ಉಳಿಯಲಿ.”

ನಾನು ಉಳಿದ ಬಾಟಲಿಗಳನ್ನು ಹತ್ತಿರದ ಮೂರು ಪೆಟ್ಟಿಗೆಗೆ ಕೊಟ್ಟು ಬಂದೆ. ಮುಂದಿನ ಬುಧವಾರ ಹೋದಾಗ ಆ ಮೂರೂ ಪೆಟ್ಟಿಗೆಗಳ ಮುಂದಿನ ಹಲಗೆಯ ಮೇಲೆ, ಗೋಡೆಯ ಮೇಲೆ ಕಂದು ಗೆರೆಗಳು ಹರಿದಿದ್ದವು. ಹೊಟ್ಟೆ ಕೆಟ್ಟ ನೊಣಗಳು ಹಾರಲಾಗದೆ ಕೆಸರಿನಲ್ಲಿ ತೆವಳುತ್ತಿದ್ದವು. ಮತ್ತೊಂದು ವಾರಕ್ಕೆ ಮೂರೂ ಖಾಲಿ. ಖಾಲಿ ಎರಿಗೆ ಮೇಣದ ಹುಳು ಬಿದ್ದು ಬಲೆ ಕಟ್ಟಿತ್ತು.

ಸಿಪಾಯಿಯ ಬಾಟಲಿ ಕಟ್ಟಿದ ಬಟ್ಟೆ ಬಿಚ್ಚದೆ ಜಗಲಿಯ ಮೂಲೆಯಲ್ಲಿ ಹಾಗೆಯೇ ಇತ್ತು. ಅವರು ವಾದ ಮಾಡಿರಲಿಲ್ಲ. ಕೊಟ್ಟಿರಲೂ ಇಲ್ಲ.

“ಸಕ್ಕರೆ ಯಾವಾಗ ಬರ್ತದೆ ಸಾರ್?” ಎಂದು ಆ ದಿನವೂ ಕೇಳಿದರು.

ಆಗಸ್ಟ್ ನಡುವಿನ ಹೊತ್ತಿಗೆ ಐದು ಸಂಸಾರ ಪೆಟ್ಟಿಗೆ ಬಿಟ್ಟು ಓಡಿಹೋಗಿದ್ದವು. ಉಳಿದದ್ದು ನಾಲ್ಕು. ಒಂದೊಂದರಲ್ಲೂ ಎರಡು ಚೌಕಟ್ಟಿಗೆ ಸಾಲುವಷ್ಟು ನೊಣ. ಇನ್ನೂ ಮೂರು ವಾರ ಕಳೆಯಬೇಕಿತ್ತು. ಬೇರೆ ಬೇರೆ ಬಿಟ್ಟರೆ ನಾಲ್ಕೂ ಸಾಯುತ್ತವೆ, ಜೊತೆಗೆ ಸೇರಿಸಿದರೆ ಬೆಚ್ಚಗಾಗಿ ಎರಡಾದರೂ ಉಳಿಯಬಹುದು ಎಂದು ಸಿಪಾಯಿ ಹೇಳಿದರು. ಎರಡು ಸಂಸಾರ ಸೇರಿಸುವಾಗ ಒಂದು ರಾಣಿಯನ್ನು ಕೊಲ್ಲಬೇಕು. ಒಂದರ ಮೇಲೆ ಒಂದು ಕೋಣೆ ಇಟ್ಟು, ನಡುವೆ ಸಣ್ಣ ತೂತು ಚುಚ್ಚಿದ ಪೇಪರು ಹಾಸಬೇಕು. ಎರಡೂ ಕಡೆಯ ನೊಣ ಪೇಪರನ್ನು ಕಡಿದು ಕಡಿದು ದಾರಿ ಮಾಡುವಷ್ಟರಲ್ಲಿ ಒಂದರ ವಾಸನೆ ಇನ್ನೊಂದಕ್ಕೆ ಒಗ್ಗುತ್ತದೆ. ಇಲ್ಲದಿದ್ದರೆ ಹೊಡೆದಾಡಿ ಸಾಯುತ್ತವೆ.

ಇಬ್ಬರು ದೂರದ ಹುಡುಗರ ಪೆಟ್ಟಿಗೆಗಳನ್ನು ಮೊದಲ ದಿನ ಸೇರಿಸಿದೆವು. ಉಳಿದದ್ದು ಸಿಪಾಯಿಯದು ಮತ್ತು ದರ್ಜಿಯದು. ದರ್ಜಿ ಸುಂಟಿಕೊಪ್ಪದ ಬಸ್ಸು ನಿಲ್ಲುವಲ್ಲಿ ಹೊಲಿಗೆ ಅಂಗಡಿ ಇಟ್ಟ ಮಲಯಾಳಿ ಯುವಕ. ಅವನ ಪೆಟ್ಟಿಗೆಯಲ್ಲಿ ನೊಣ ಸ್ವಲ್ಪ ಹೆಚ್ಚಿತ್ತು.

“ದರ್ಜಿಯ ಸಂಸಾರವನ್ನು ನಿಮ್ಮ ಪೆಟ್ಟಿಗೆಗೆ ತರೋಣ” ಎಂದೆ ನಾನು. ದರ್ಜಿಯನ್ನು ಕೇಳಿಕೊಂಡೇ ಬಂದಿದ್ದೆ. “ಕೊಂಡು ಹೋಗಿ ಸಾರೇ, ನಂಗೆ ಹೊಲಿಗೆ ಸಾಕು” ಎಂದಿದ್ದ.

ಸಿಪಾಯಿ ತಲೆಯಾಡಿಸಿದರು. “ಬಲ ಇಲ್ಲದ್ದನ್ನ ಬಲ ಇದ್ದ ಕಡೆ ಸೇರಿಸೋದು ಸಾರ್. ಅವನ ರಾಣಿ ಈ ವರ್ಷದ್ದು. ನಂದು ಹಳತು. ತಿರುಗಿಸಿದ್ರೆ ಎರಡೂ ಹೋಗ್ತದೆ.”

“ನಿಮ್ಮ ಪೆಟ್ಟಿಗೆ ಖಾಲಿಯಾದರೆ ಇನ್‌ಸ್ಪೆಕ್ಟರ್ ನಿಮ್ಮ ಹೆಸರು ಬರೆಯುವ ಹಾಗಿಲ್ಲ. ಕೆಲಸ ಹೋಗುತ್ತದೆ.”

“ಅದು ನೊಣಕ್ಕೆ ಗೊತ್ತುಂಟಾ ಸಾರ್?”

ನನಗೆ ಬರುವ ಎಲ್ಲ ವಾದವನ್ನೂ ಹೂಡಿದೆ. ಅವರು ಕೇಳಿಸಿಕೊಂಡರು. ಆಮೇಲೆ ಪೆಟ್ಟಿಗೆ ತೆರೆದು, ಎರಡನೆಯ ಚೌಕಟ್ಟಿನಲ್ಲಿ ರಾಣಿಯನ್ನು ಹುಡುಕಿ, ಎಡಗೈಯ ಎರಡು ಬೆರಳಲ್ಲಿ ಎತ್ತಿದರು. ಕಪ್ಪಗೆ, ಉದ್ದಕ್ಕೆ ಇತ್ತು. ಒತ್ತಿದರು. ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ ಜೇಬಿಗಿಟ್ಟುಕೊಂಡರು. ಯಾಕೆಂದು ನಾನು ಕೇಳಲಿಲ್ಲ.

ಸಂಜೆ ಮಬ್ಬಿಗೆ ಪೆಟ್ಟಿಗೆಯ ಬಾಗಿಲು ಮುಚ್ಚಿ, ಗೋಣಿಯಲ್ಲಿ ಸುತ್ತಿ, ಇಬ್ಬರೂ ಹೊತ್ತು ದರ್ಜಿಯ ಮನೆಗೆ ನಡೆದೆವು. ದರ್ಜಿ ತನ್ನ ಸೂಜಿಯಿಂದಲೇ ಪೇಪರಿಗೆ ತೂತು ಚುಚ್ಚಿದ. ಮೂರನೆಯ ದಿನ ಹೋಗಿ ನೋಡಿದರೆ ಪೆಟ್ಟಿಗೆಯ ಬಾಗಿಲಲ್ಲಿ ಪೇಪರಿನ ಸಣ್ಣ ಸಣ್ಣ ಚೂರು ಬಿದ್ದಿದ್ದವು. ಅಕ್ಷರ ಅಲ್ಲಲ್ಲಿ ಓದಬಹುದಿತ್ತು. ಸತ್ತ ನೊಣ ಒಂದೂ ಇರಲಿಲ್ಲ.

“ಸೇರಿತು” ಎಂದರು ಸಿಪಾಯಿ. ಬೆಂಕಿಪೊಟ್ಟಣವನ್ನು ಕಾಫಿ ಗಿಡದ ಬುಡಕ್ಕೆ ಎಸೆದರು.

ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತ ಕಳೆದ ಎರಡನೆಯ ದಿನ ಇನ್‌ಸ್ಪೆಕ್ಟರ್ ಬಂದರು. ಸಿಪಾಯಿಯ ಮನೆಯಲ್ಲಿ ಕೋವಿಗೆ ಮುಡಿಸಿದ ತೋಕ್ ಹೂವು ಬಾಡಿತ್ತು. ಉಳಿದ ಎರಡು ಪೆಟ್ಟಿಗೆಗಳನ್ನು ಅವರಿಗೆ ತೆರೆದು ತೋರಿಸಿದ್ದು ಸಿಪಾಯಿಯೇ. ದರ್ಜಿಯ ಪೆಟ್ಟಿಗೆಯ ಮುಂದೆ ಇನ್‌ಸ್ಪೆಕ್ಟರ್ ಬಹಳ ಹೊತ್ತು ನಿಂತರು. ದರ್ಜಿ, “ಎಲ್ಲ ಇವರು ಮಾಡಿದ್ದು ಸಾರೇ. ನಾನು ಸೂಜಿ ಕೊಟ್ಟದ್ದು ಮಾತ್ರ” ಎಂದ.

ಹೊರಡುವಾಗ ಇನ್‌ಸ್ಪೆಕ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. “ಪೆಟ್ಟಿಗೆ ಅವರ ಹೆಸರಲ್ಲಿಲ್ಲ. ಆದರೂ ಕ್ಲಬ್ಬಿನ ಶಿಫಾರಸು ಬಂದರೆ ನಡೆಯುತ್ತದೆ. ನಾನು ಕೆಲಸ ನೋಡಿದ್ದೇನೆ. ಕೈ ನೋಡಿಲ್ಲ. ನನ್ನ ವರದಿಯಲ್ಲಿ ಕೈಯ ಮಾತು ಇರುವುದಿಲ್ಲ. ಗೊತ್ತಾಯಿತಲ್ಲ?”

“ಗೊತ್ತಾಯಿತು” ಎಂದೆ.

ಸೆಪ್ಟೆಂಬರ್ ಸಭೆಗೆ ಠರಾವು ಬಂತು. ಸಿಪಾಯಿಯ ಹೆಸರನ್ನು ಇಲಾಖೆಗೆ ಶಿಫಾರಸು ಮಾಡತಕ್ಕದ್ದು. ಈ ಸಲವೂ ಡಾಕ್ಟರೇ ಮಂಡಿಸಿದರು. ಸಿಪಾಯಿಯನ್ನು ಅಧ್ಯಕ್ಷರು ಕರೆಸಿದ್ದರು. ಅವರು ಹಳೆಯ ಮಿಲಿಟರಿ ಕೋಟು ಹಾಕಿಕೊಂಡು ಹಾಲಿನ ಹೊರಗೆ, ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದರು.

ಎದುರು ಮಾತು ನನ್ನದು. ಸುಮ್ಮನಿದ್ದರೆ ಠರಾವು ಬೀಳುತ್ತದೆ, ಮೂರು ತಿಂಗಳಲ್ಲಿ ಹುದ್ದೆ ತುಂಬಿಹೋಗುತ್ತದೆ. ಮಾತಾಡಿದರೆ ಗೆದ್ದುಬಿಡಬಹುದು. ಜೂನ್‌ನಲ್ಲಿ ಗೆದ್ದವನು ನಾನು. ಬೇರೆ ಯಾರಾದರೂ ಮಾತಾಡುತ್ತಾರಾ ಎಂದು ಅಧ್ಯಕ್ಷರ ಕಡೆ ನೋಡಿದೆ. “ನೀವೇ ಸೆಕ್ರೆಟರಿ” ಎಂದರು.

ಚರ್ಚಾಕೂಟದಲ್ಲಿ ಒಂದು ಉಪಾಯ ಕಲಿತಿದ್ದೆ. ಸೋಲಲೇಬೇಕಾದ ಪಕ್ಷ ನಿಮ್ಮ ಪಾಲಿಗೆ ಬಂದರೆ, ಅದನ್ನು ಕೇಳುವವರಿಗೆ ಹೇಸಿಗೆಯಾಗುವಷ್ಟು ಕ್ರೂರವಾಗಿ ಹೇಳಬೇಕು. ಎದ್ದೆ. ಈ ಅಭ್ಯರ್ಥಿಗೆ ಬಲಗೈಯಲ್ಲಿ ಎರಡು ಬೆರಳಿಲ್ಲ, ಮೂರನೆಯದು ಅರ್ಧ ಎಂದೆ. ಜೇನು ಹಿಂಡುವ ಯಂತ್ರವನ್ನು ಅವರು ಒಂದು ನಿಮಿಷಕ್ಕಿಂತ ಹೆಚ್ಚು ತಿರುಗಿಸಲಾರರು, ವರದಿ ಬರೆಯಲಾರರು, ಪೊಟರೆಯೊಳಗೆ ಕೈ ಹಾಕಿದರೆ ಹಿಡಿತ ಸಿಗದು ಎಂದೆ. ದೇಶಕ್ಕೆ ಬೆರಳು ಕೊಟ್ಟದ್ದಕ್ಕೆ ದೇಶ ಹುದ್ದೆ ಕೊಡಬೇಕೆಂದು ಎಲ್ಲಿದೆ ಎಂದು ಕೇಳಿದೆ.

“ನಾಚಿಕೆ ಆಗ್ಬೇಕು ನಿಮಗೆ!” ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಕೂಗಿದರು. ಇನ್ನಿಬ್ಬರು ಎದ್ದು ನಿಂತರು. ಮತಕ್ಕೆ ಹಾಕಿದಾಗ ಇಪ್ಪತ್ತೂ ಕೈ ಮೇಲೆದ್ದವು. ಉಪಾಯ ಫಲಿಸಿತ್ತು. ಬಾಗಿಲ ಹತ್ತಿರದ ಬೆಂಚು ಖಾಲಿಯಿತ್ತು. ಯಾವಾಗ ಎದ್ದು ಹೋದರೋ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಟೈಪ್‌ರೈಟರಿನ ಮುಂದೆ ಕೂತೆ. ಶಿಫಾರಸಿನ ಪತ್ರ, ಜೊತೆಗೆ ನಡಾವಳಿ, ನಡುವೆ ಎರಡು ಕಾರ್ಬನ್. ಡಾಕ್ಟರ ಮಾತು ಬೆರಳಚ್ಚಾಯಿತು. ನನ್ನ ಮಾತಿಗೆ ಬಂದಾಗ ನಿಲ್ಲಿಸಿದೆ.

ಇನ್‌ಸ್ಪೆಕ್ಟರ್ ಹೇಳಿದ್ದು ನೆನಪಿರಲಿಲ್ಲವೆಂದು ಹೇಳಿದರೆ ನಂಬಬೇಡಿ. ಚೆನ್ನಾಗಿ ನೆನಪಿತ್ತು. ಬೆರಳಿನ ವಾಕ್ಯ ಬಿಟ್ಟು “ಕಾರ್ಯದರ್ಶಿಗಳು ಠರಾವನ್ನು ವಿರೋಧಿಸಿದರು” ಎಂದಷ್ಟೇ ಬರೆದರೆ ಯಾರೂ ಕೇಳುತ್ತಿರಲಿಲ್ಲ. ಅದೊಂದು ಪಕ್ಷ. ಇನ್ನೊಂದು ಪಕ್ಷ ಹೀಗಿತ್ತು: ಜೂನ್‌ನಿಂದ ನಾನು ಸುಳ್ಳಿನ ಮೇಲೆ ಸುಳ್ಳು ಹೇಳಿಕೊಂಡು ಬಂದಿದ್ದೇನೆ, ನಿಯಮದೊಡನೆ ಆಟವಾಡಿದ್ದಕ್ಕೆ ಹತ್ತು ಪೆಟ್ಟಿಗೆ ಹೋದವು, ಇನ್ನು ಮುಂದೆ ನನ್ನ ಕೈಯಿಂದ ಹೋಗುವ ಕಾಗದದಲ್ಲಿ ಏನನ್ನೂ ಮುಚ್ಚಿಡುವುದಿಲ್ಲ. ಇಪ್ಪತ್ತು ಕೈಗಳ ಒಮ್ಮತದ ಮುಂದೆ ನನ್ನೊಬ್ಬನ ಮಾತಿಗೆ ಏನು ಬೆಲೆ? ಎರಡೂ ಪಕ್ಷವನ್ನು ತೂಗಿದೆ. ಎರಡನೆಯದು ಗೆದ್ದಿತು. ಪೂರ್ತಿ ಟೈಪ್ ಮಾಡಿ, ಅಧ್ಯಕ್ಷರ ರುಜು ಹಾಕಿಸಿ, ಸೋಮವಾರದ ಅಂಚೆಗೆ ಹಾಕಿದೆ.

ಸುಗ್ಗಿಯ ಹುತ್ತರಿ ಹಬ್ಬಕ್ಕೆ ಹತ್ತು ದಿನ ಮುಂಚೆ ಉತ್ತರ ಬಂತು. ಮೂರು ಸಾಲು. ಲಗತ್ತಿಸಿದ ನಡಾವಳಿಯಿಂದ ಅಭ್ಯರ್ಥಿಯ ಬಲಗೈಯ ನ್ಯೂನತೆ ತಿಳಿದುಬಂದಿದೆ, ಸದರಿ ಹುದ್ದೆಗೆ ಎರಡೂ ಕೈ ಸಮರ್ಥವಾಗಿರಬೇಕಾದ್ದರಿಂದ ಪರಿಗಣಿಸಲಾಗಲಿಲ್ಲ. ಬೇರೆ ಊರಿನ ಇನ್ನೊಬ್ಬರಿಗೆ ಹುದ್ದೆ ಆಗಿತ್ತು. ಅಧ್ಯಕ್ಷರು ಓದಿ ಕಾಗದವನ್ನು ನನ್ನ ಕಡೆ ಸರಿಸಿದರು. ಫೈಲಿಗೆ ಸೇರಿಸುವ ಮೊದಲು ಸಿಪಾಯಿಗೆ ತೋರಿಸಿ ಬನ್ನಿ ಎಂದಷ್ಟೇ ಹೇಳಿದರು.

ಬುಧವಾರ ಹೋದೆ. ಬಿಸಿಲಿತ್ತು. ಸಿಪಾಯಿ ಅಂಗಳದಲ್ಲಿ ಪೆಟ್ಟಿಗೆ ತೆರೆದುಕೊಂಡು ನಿಂತಿದ್ದರು. ಅಕ್ಟೋಬರಿನಲ್ಲಿ ಹಲಸಿನ ಮರದ ಪೊಟರೆಯಿಂದ ಒಂದು ಹೊಸ ಸಂಸಾರ ಹಿಡಿದು ತಂದಿದ್ದರಂತೆ. ಮುಂದಿನ ವಾರದಿಂದ ಎಸ್ಟೇಟಿನ ಗೇಟಿಗೆ ಹೋಗುವುದೆಂದು ತಾಯಿ ಒಳಗಿನಿಂದ ಹೇಳಿದರು. ಉತ್ತರ ಏನೆಂದು ಸಿಪಾಯಿಗೆ ಮೊದಲೇ ಅಂದಾಜಿತ್ತು ಎಂದು ತೋರುತ್ತದೆ.

ಕಾಗದ ಕೊಟ್ಟೆ. ಓದಿದರು. ಮಡಿಚಿ ವಾಪಸು ಕೊಟ್ಟರು.

“ನೀವು ಅವತ್ತು ಹೇಳಿದ್ದೆಲ್ಲ ಸರಿಯೇ ಸಾರ್. ಯಂತ್ರ ತಿರುಗಿಸ್ಲಿಕ್ಕೆ ಆಗೋದಿಲ್ಲ ನಂಗೆ.”

“ಅದು ಠರಾವು ಪಾಸಾಗಲಿ ಅಂತ—”

“ಗೊತ್ತಾಯ್ತು ಸಾರ್. ಡಾಕ್ಟ್ರು ಹೇಳಿದ್ರು.” ಮುಚ್ಚಳ ಎತ್ತಿ ಪಕ್ಕಕ್ಕಿಟ್ಟರು. “ಸಕ್ಕರೆ ಬೇಡ ಅಂತ ಮಾತಾಡಿದ್ದು ನೀವೇ ಅಂತ್ಲೂ ಗೊತ್ತಿತ್ತು. ಜೂನ್‌ನಲ್ಲೇ. ಲೈನ್ ಶಾಲೆ ಮಕ್ಕಳು ದಾರಿಯಲ್ಲಿ ಹಾಡಿಕೊಂಡು ಹೋಗ್ತಿದ್ವು, ಜೇನಿನ ಸಕ್ಕರೆ ನಮಗೆ ಬಂತು ಅಂತ.”

“ಮತ್ತೆ ವಾರ ವಾರವೂ ಯಾಕೆ ಕೇಳಿದಿರಿ, ಸಕ್ಕರೆ ಯಾವಾಗ ಬರ್ತದೆ ಅಂತ?”

ಅವರು ಎಡಗೈಯಲ್ಲಿ ಒಂದು ಚೌಕಟ್ಟನ್ನು ಮೆಲ್ಲನೆ ಮೇಲಕ್ಕೆಳೆದರು. ತುಂಬ ನೊಣವಿತ್ತು.

“ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ” ಎಂದರು.

ಆಗ ಏನಾದರೂ ಹೇಳಬೇಕಿತ್ತು. ಹತ್ತು ಬುಧವಾರ ಹೇಳದೇ ಇದ್ದದ್ದು ಇನ್ನೂ ಅಲ್ಲೇ ಇತ್ತು, ಸಕ್ಕರೆ ತಪ್ಪಿಸಿದ್ದು ನಾನು ಎಂಬ ಒಂದೇ ವಾಕ್ಯ. ನಾನು ನಿಂತೇ ಇದ್ದೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಚೌಕಟ್ಟನ್ನು ನನ್ನ ಕಡೆ ಚಾಚಿದರು.

“ಇದನ್ನ ಹಿಡ್ಕೊಳ್ಳಿ ಸಾರ್. ಎರಡೂ ಕೈಯಲ್ಲಿ. ಅಲ್ಲಾಡಿಸಬೇಡಿ, ರಾಣಿ ಇದ್ರಲ್ಲೇ ಉಂಟು.”

ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಅವರು ನನ್ನ ಬೆರಳುಗಳ ನಡುವೆ ಬಾಗಿ ರಾಣಿಯನ್ನು ಹುಡುಕುತ್ತಿದ್ದರು.